ಸಹಿ ಹಾಕದ ಕಾಗದ

೧೯೫೩ರ ಮಳೆಗಾಲದಲ್ಲಿ ಪರೇಲಿನ ಚಾಳೊಂದರಲ್ಲಿದ್ದ ಕಾಂತಪ್ಪನ ಬಲಗಾಲಿನ ಹುಣ್ಣು ಕೊಳೆಯಿತು. ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತ ಕಾಲು ಅದು. ಜ್ವರದಲ್ಲಿ ಎಚ್ಚರ ತಪ್ಪಿದ್ದವನನ್ನು ಹೆಂಡತಿ ನೀಲಾವತಿ ಆಸ್ಪತ್ರೆಗೆ ಸೇರಿಸಿದಾಗ ಗುಮಾಸ್ತ ಒಂದು ಕಾಗದ ಮುಂದಿಟ್ಟು, ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿ ಮರಾಠಿಯಲ್ಲಿ, "ಇಥೆ ಅಂಗಠಾ ಲಾವಾ" ಎಂದ. ಮದ್ದಿಗೋ ಊಟಕ್ಕೋ ಇರಬೇಕೆಂದು ಅವಳು ಹೆಬ್ಬೆಟ್ಟು ಒತ್ತಿದಳು.

ಮೂರನೆಯ ದಿನ ಕಾಂತಪ್ಪ ಎಚ್ಚೆತ್ತು ಹೊದಿಕೆಯ ಮೇಲೆ ಕೈಯಾಡಿಸಿದ. ಬಲಮೊಣಕಾಲಿನ ಕೆಳಗೆ ಏನೂ ಇರಲಿಲ್ಲ.

"ಕಡೀಲಿಕ್ಕೆ ಯಾರು ಹೇಳಿದ್ದು?"

"ನನಗೆ ಗೊತ್ತಿರಲಿಲ್ಲ..."

"ಹೆಬ್ಬೆಟ್ಟು ನಿಂದಲ್ವಾ? ಎಂತ ಬರೆದದ್ದುಂಟು ಅಂತ ಕೇಳಲಿಕ್ಕೆ ಬಾಯಿ ಇರಲಿಲ್ವಾ?"

ಮನೆಗೆ ಬಂದ ಮೇಲೆ ಅವಳು ಕೊಟ್ಟ ನೀರು ಕುಡಿಯುತ್ತಿದ್ದ, ಅವಳೊಡನೆ ಮಾತಾಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ವಡಾಲದಿಂದ ಸುಮಿತ್ರಾ ಎಂಬ ಟೀಚರು ಬರತೊಡಗಿದರು. ಮೈಸೂರಿನ ಕಡೆಯವರು. ವಯಸ್ಕರ ಶಿಕ್ಷಣ ಸಮಿತಿಯೊಂದರ ಪರವಾಗಿ ಮಧ್ಯಾಹ್ನದ ಹೊತ್ತು ಚಾಳಿನ ವರಾಂಡದಲ್ಲಿ ಕನ್ನಡದ ಹೆಂಗಸರಿಗೆ ಪಾಠ. ಹನ್ನೊಂದು ಮಂದಿ ಸೇರಿದರು. ತಿಂಗಳೊಳಗೆ ವಯಸ್ಸಾದವರು ಒಬ್ಬೊಬ್ಬರೇ ಬಿಟ್ಟರು. ತಲೆಗೆ ಹತ್ತುವುದಿಲ್ಲ ಎಂದರು. ಐವತ್ತೆಂಟರ ನೀಲಾವತಿ ಮಾತ್ರ ಬಿಡಲಿಲ್ಲ. ಅವಳು ಪುಸ್ತಕವನ್ನು ಕೈಚಾಚಿ ದೂರ ಹಿಡಿದು ಕಣ್ಣು ಕಿರಿದು ಮಾಡುವುದನ್ನು ಒಂದು ದಿನ ಸುಮಿತ್ರಾ ಗಮನಿಸಿದರು.

"ಅಯ್ಯೋ, ತಪ್ಪು ನಿಮ್ಮ ತಲೇದಲ್ಲ ಅಮ್ಮಾ. ಮಕ್ಕಳಿಗೆ ಅಂತ ಮಾಡಿರೋ ಪುಸ್ತಕ ಇದು, ನಿಮ್ಮ ಕಣ್ಣಿಗೆ ಅಕ್ಷರವೇ ಕಾಣ್ತಿಲ್ಲ!"

ಮರುದಿನದಿಂದ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡಿಯಗಲದ ಅಕ್ಷರ ಬರೆದರು. ಬಿಟ್ಟವರಲ್ಲಿ ನಾಲ್ವರು ಮರಳಿದರು.

ಒಳಗಿನಿಂದ ಕಾಂತಪ್ಪ ಕೂಗುತ್ತಿದ್ದ: "ಕಲಿ, ಕಲಿ. ಕಾಲು ವಾಪಸು ಬರ್ತದೆ." ಅವಳು ತಲೆಯೆತ್ತದೆ ತಿದ್ದುತ್ತಿದ್ದಳು. ವರ್ಷ ತಿರುಗುವಷ್ಟರಲ್ಲಿ ಹೆಸರು ಬರೆದಳು, ಕೂಡಿಸಿಕೊಂಡು ಓದಿದಳು.

ಆ ಚಳಿಗಾಲ ಕಾಂತಪ್ಪನ ಎಡಗಾಲಿನ ಬೆರಳುಗಳು ಕಪ್ಪಾದವು. ಅದೇ ಆಸ್ಪತ್ರೆಯಲ್ಲಿ ಮತ್ತೊಂದು ಕಾಗದ ಬಂತು. ನೀಲಾವತಿ ಅದನ್ನು ಬೆಳಕಿಗೆ ಹಿಡಿದಳು. ಇಂಗ್ಲಿಷು. ಅವಳು ಕಲಿತ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಕಣ್ಣು ತುಂಬಿ ಬಂತು.

"ಲವಕರ್ ಕರಾ, ಮಾವಶೀ," ಎಂದು ಬೇಗ ಮುಗಿಸಲು ಅವಸರಪಡಿಸಿದ ಗುಮಾಸ್ತ.

"ಓದಿ ಹೇಳಿ. ಆಮೇಲೆ ನೋಡುವ," ಎಂದಳು ಕನ್ನಡದಲ್ಲೇ, ಕಾಗದ ಕೈಬಿಡದೆ. ಹಿಂದೆ ಸಾಲು ಬೆಳೆಯಿತು, ಜನ ಬೈದರು. ಕೊನೆಗೆ ಮಂಗಳೂರಿನ ನರ್ಸೊಬ್ಬಳನ್ನು ಕರೆಸಿದರು.

ಅವಳು ಓದಿ, ಮೆಲ್ಲನೆ ಹೇಳಿದಳು: "ಈ ಕಾಲು ಸಹ ತೆಗೀಬೇಕಂತೆ, ಅಮ್ಮ. ಇಲ್ಲದಿದ್ರೆ ಉಳಿಯುದು ಕಷ್ಟ."

ನೀಲಾವತಿ ವಾರ್ಡಿಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಅವನು ಹೊದಿಕೆಯನ್ನು ಎಡಗಾಲಿನ ಮೇಲೆ ಎಳೆದುಕೊಂಡ.

"ಬೇಡ. ಮನೆಗೆ ಹೋಗುವ."

"ಸತ್ತು ಹೋಗ್ತೀರಿ."

"ಗೊತ್ತುಂಟು. ನನ್ನನ್ನು ಕೇಳಿದಿಯಲ್ಲ, ಸಾಕು."

ಅವಳು ಸಹಿ ಹಾಕಲಿಲ್ಲ. ಹನ್ನೆರಡು ದಿನ ನರಳಿ ಅವನು ತೀರಿಕೊಂಡ.

ಪಕ್ಕದ ಖೋಲಿಯ ಸೇವಂತಿ ಎಲ್ಲರೆದುರು ಅಂದಳು, "ಒಂದು ಸಹಿ ಹಾಕಿದ್ರೆ ಬದುಕ್ತಿದ್ರು. ಮತ್ತೆ ಎಂತಕ್ಕೆ ಕಲಿತದ್ದು?" ಒಬ್ಬಳಿಗೆಂದು ಅಕ್ಕಿ ತೊಳೆಯುವಾಗ ನೀಲಾವತಿಯೂ ಅದನ್ನೇ ಕೇಳಿಕೊಳ್ಳುತ್ತಿದ್ದಳು.

ತಿಂಗಳಾದ ಮೇಲೆ ಸುಮಿತ್ರಾ ಬಾಗಿಲಿಗೆ ಬಂದರು. "ಬನ್ನಿ ಅನ್ನೋಕೆ ನಂಗೆ ಧೈರ್ಯ ಇಲ್ಲ ಅಮ್ಮಾ. ಆದ್ರೆ ಈಗ ಐದೇ ಜನ ಇದ್ದಾರೆ. ಇನ್ನೊಬ್ಬರು ಬಿಟ್ರೆ ಸಮಿತಿಯವರು ಮುಚ್ಚಿಬಿಡ್ತಾರೆ."

ಮರುದಿನ ನೀಲಾವತಿ ಹೋಗಿ ಗೋಡೆಗೊರಗಿ ಕುಳಿತಳು. ವಾರವಿಡೀ ಏನೂ ಬರೆಯಲಿಲ್ಲ. ಆಮೇಲೊಂದು ಮಧ್ಯಾಹ್ನ ಸೇವಂತಿ ಪಾಠಕ್ಕೆಂದು ಬಂದು, ಕೂರಲೋ ಬೇಡವೋ ಎಂದು ವರಾಂಡದ ತುದಿಯಲ್ಲಿ ನಿಂತಳು. ನೀಲಾವತಿ ಅವಳ ಮುಖ ನೋಡಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟಳು.