ದೇವರ ಖೋಲಿಯ ಗಾಳಿ

ಮೇಲೆ ಎಲ್ಲೋ ಮೊಣಕಾಲು ತಗಡಿಗೆ ಬಡಿದ ಸದ್ದು, ಧಡ್ ಎಂದು ಒಂದು, ಆಮೇಲೆ ಸರಸರ ಮೈ ಎಳೆದುಕೊಂಡು ಹೋಗುವ ಸದ್ದು, ಈಗ ಪಡಸಾಲೆ ದಾಟಿದ, ಈಗ ಅಡುಗೆಮನೆಯ ನೆತ್ತಿಯ ಮೇಲಿದ್ದಾನೆ, ಇನ್ನೊಂದು ಖೋಲಿ ದಾಟಿದರೆ ದೇವರ ಖೋಲಿ — ಶಿವಕುಮಾರಿ ಸೌತೆಕಾಯಿ ಹೆಚ್ಚುವುದು ಬಿಟ್ಟು ಮೇಲೆ ನೋಡಿದಳು, ಬಿಳಿ ಚಾವಣಿ ಬಿಟ್ಟರೆ ಅಲ್ಲಿ ಕಾಣುವುದೇನಿದೆ, ಆದರೂ ನೋಡಿದಳು. ಬೆಳಿಗ್ಗೆ ಹತ್ತಕ್ಕೆ ಅಟ್ಟ ಹತ್ತಿದ ಏಸಿ ಮಿಸ್ತ್ರಿ ಅಸದ್ ಇನ್ನೂ ಇಳಿದಿಲ್ಲ, ಮೇ ತಿಂಗಳ ಸಿಂಧನೂರು, ಒಂದು ಗಂಟೆಯ ಬಿಸಿಲು, ಅವನ ಬೆನ್ನಿಗೆ ಒಂದು ಗೇಣು ಬಿಟ್ಟು ಮಾಳಿಗೆಯ ಸ್ಲ್ಯಾಬು, ಈ ಹೊತ್ತಿಗೆ ಅದು ಕಾದ ರೊಟ್ಟಿ ಹಂಚು, ಅದರ ಕೆಳಗಿನ ಎರಡೂವರೆ ಅಡಿಯ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತ, ಒಂದು ಕೈಯಲ್ಲಿ ಬ್ಯಾಟರಿ ಇನ್ನೊಂದರಲ್ಲಿ ಬ್ರಶ್ಶು, ಏಸಿಯ ತಂಪನ್ನು ಖೋಲಿ ಖೋಲಿಗೆ ಹೊತ್ತು ಹೋಗುವ ತಗಡಿನ ಡಕ್ಟಿಗೆ ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ಬೂದು ಬಣ್ಣದ ಅಂಟು ಮೆತ್ತುತ್ತ, ಅದರ ಮೇಲೆ ಬೆಳ್ಳಿ ಟೇಪು ಸುತ್ತುತ್ತ — ಯಾವ ಸೋರಿಕೆ ಮುಚ್ಚಲಿಕ್ಕೆ, ಯಪ್ಪಾ, ಯಾವ ಸೋರಿಕೆ. ಈ ಮನೆಯಲ್ಲಿ ಅದು ಅವಳೊಬ್ಬಳಿಗೇ ಗೊತ್ತು. ಗೊತ್ತಿದ್ದೂ ಸೌತೆಕಾಯಿ ಹೆಚ್ಚುತ್ತಿದ್ದಾಳೆ, ಬಿಲ್ಲೆ ಬಿಲ್ಲೆಯಾಗಿ, ಒಂದೇ ಅಳತೆಯಲ್ಲಿ, ನೋಡಿದವರು ಎಂಥಾ ಅಚ್ಚುಕಟ್ಟಿನ ಹೆಣ್ಣುಮಗಳು ಅನ್ನಬೇಕು.

ಬೆಳಿಗ್ಗೆ ಗಂಡ ಸಿದ್ದಲಿಂಗೇಶ ಎಷ್ಟು ಕೂಗಾಡಿದ, ಅಕ್ಕಿ ಗಿರಣಿಯಲ್ಲಿ ಹಮಾಲರ ಮುಂದೆ ಕೂಗಿ ಕೂಗಿ ಬಂದ ಗಂಟಲು, ಲೇ ಅಸದ್, ನಮ್ಮವ್ವ ಆ ಖೋಲ್ಯಾಗ ಬೇಯಾಕತ್ಯಾಳ, ಕಾಲಾಗ ಸುದ್ದ ಬಲ ಇಲ್ಲದಾಕಿ, ಮಿಷಿನ್ನು ಹಗಲು ರಾತ್ರಿ ಗುಂಯ್ ಅಂತೈತಿ, ಕರೆಂಟು ಕುಡಿತೈತಿ, ತಂಪು ಎಲ್ಲಿ ಹೋತಲೇ, ಲಿಂಗಸುಗೂರಿನ ಕಲ್ಯಾಣಮಂಟಪದವರು ಇವತ್ತ ಮಧ್ಯಾಹ್ನ ಫೋನ್ ಮಾಡ್ತಾರ ನಂಗ, ಈ ಹುಡುಗನ ಕೆಲಸ ಹೆಂಗೈತ್ರಿ ಅಂತ ಕೇಳ್ತಾರ, ಏನ್ ಹೇಳ್ಲಿ ನಾ? ಅಸದ್ ತಲೆ ತಗ್ಗಿಸಿ ನಿಂತಿದ್ದ, ಮಸ್ಕಿಯಿಂದ ಬೈಕಿನ ಮೇಲೆ ಬಂದವನ ಕೊರಳಿನ ಸುತ್ತ ಧೂಳಿನ ಗೆರೆ, ನೋಡ್ತೀನ್ರೀ ಸಾವ್ಕಾರ್ರ ಎಂದು ಹತ್ತಿ ನೋಡಿ ಇಳಿದು ಬಂದು, ಜೋಡಣಿ ಬಿಚ್ಚ್ಯಾವ್ರೀ, ಅರ್ಧಾ ತಂಪು ಅಟ್ಟಕ್ಕ ಸೋರಾಕತ್ತೈತಿ, ಟೇಪಷ್ಟ ಹಚ್ಚಿ ಬಿಟ್ಟಿದ್ದೆ, ಅಂಟು ಹಚ್ಚಬೇಕಿತ್ತು, ತಪ್ಪು ನಂದ ಐತಿ ಅಂದ, ಎಷ್ಟು ಸಲೀಸಾಗಿ ಅಂದುಬಿಟ್ಟ, ಆ ಎರಡು ಮಾತು ಎರಡು ತಿಂಗಳಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ — ಥೂ, ಲಿಂಗ ಕಟ್ಟಿದ ಕೊರಳಿಗೆ ಎಂಥಾ ಹೋಲಿಕೆ, ಯೋಚನೆಗೂ ಮಡಿ ಇಲ್ಲದಂತಾಯಿತು ಅವಳಿಗೆ.

ಆಮೇಲೆ ಗಂಡ ಗಿರಣಿಗೆ ಹೋದ ಮೇಲೆ ಅಸದ್ ಊದುಬತ್ತಿ ಹಚ್ಚಿಕೊಂಡು ಒಂದೊಂದೇ ಖೋಲಿಯ ತಂಪು ಬಿಡುವ ಜಾಲರಿಯ ಕೆಳಗೆ ಹಿಡಿದು ನೋಡುತ್ತ ಬಂದ, ಹೊಗೆ ಓಡಿದರೆ ಗಾಳಿ ಇದೆ, ಓಡದಿದ್ದರೆ ಇಲ್ಲ, ಪಡಸಾಲೆಯಲ್ಲಿ ಜೋರಾಗಿ ಓಡಿತು, ಮಲಗುವ ಖೋಲಿಯಲ್ಲಿ ಸ್ವಲ್ಪ ಬಾಗಿತು, ದೇವರ ಖೋಲಿಯ ಹೊಸ್ತಿಲಿಗೆ ಬಂದವನು ನಿಂತ. ಅವನು ಆ ಹೊಸ್ತಿಲು ದಾಟುವವನಲ್ಲ, ಯಾರೂ ಬೇಡ ಅಂದಿಲ್ಲ, ಅವನೇ ದಾಟುವುದಿಲ್ಲ, ಮಾರ್ಚ್‌ನಲ್ಲಿ ಜಾಲರಿ ಕೂರಿಸುವಾಗಲೂ ಹೊರಗೇ ನಿಂತು, ಅಕ್ಕಾರ ಸ್ಟೂಲ್ ಹತ್ರಿ, ನಾಕು ಸ್ಕ್ರೂ ಅದಾವ, ಬಲಕ್ಕ ತಿರುವ್ರಿ, ಹಾಂ ಹಂಗ, ಏ ನೀವ ಮಿಸ್ತ್ರಿ ಆಗಿಬಿಟ್ರೆಲ್ರೀ ಎಂದು ನಕ್ಕಿದ್ದ, ಅವಳೂ ನಕ್ಕಿದ್ದಳು, ಸ್ಕ್ರೂ ತಿರುಗಿಸಲು ಕಲಿತದ್ದು ಹಾಗೆ, ಕಲಿಸಿದವನು ಅವನೇ. ಇವತ್ತೂ ಹೊಸ್ತಿಲಾಚೆಯಿಂದ ಊದುಬತ್ತಿ ಚಾಚಿದ, ಒಂದು ಮಾತು ತಿಳಿವಲ್ದು ಅಕ್ಕಾರ, ಟೇಪು ಇಷ್ಟು ಜಲ್ದಿ ಏಳಬಾರದು, ಮುಂದ ಹಾದಿ ಸಿಗದಿದ್ರ ಗಾಳಿ ಹೊಳ್ಳಿ ಬಂದು ಜೋಡಣಿ ಒಡಿತೈತಿ, ಇಲ್ಲೆ ಗಾಳಿ ಬರೋಬರಿ ಬರಾಕತ್ತೈತೇನು, ಜರಾ ಹಿಡಿದು ನೋಡಿ ಹೇಳ್ರಿ. ಹಿಡಿದಳು. ಬಾಗಿಲಿಗೆ ಬೆನ್ನು ಮಾಡಿ ಹಿಡಿದಳು. ಹೊಗೆ ನೂಲಿನ ಹಾಗೆ ನೆಟ್ಟಗೆ ಮೇಲಕ್ಕೆ ಹೋಯಿತು, ಅದರ ಪಕ್ಕದಲ್ಲಿ ದೀಪದ ಕುಡಿ, ಅದೂ ನೆಟ್ಟಗೆ, ಅಲುಗದೆ. ಬರಾಕತ್ತೈತಿ, ಅಂದಳು. ಚಲೋ ಬರಾಕತ್ತೈತಿ. ಆ ಚಲೋ ಯಾಕೆ ಸೇರಿಸಿದಳೋ, ಸುಳ್ಳಿಗೆ ಉಪ್ಪು ಕಡಿಮೆಯಾಯಿತು ಅನ್ನಿಸಿತೇನೋ. ಅವನು ನಂಬಿದ, ಏಸಿ ಬಂದ್ ಮಾಡಿ ಡಬ್ಬಿ ಹಿಡಿದು ಅಟ್ಟ ಹತ್ತಿದ, ಹತ್ತಿದವನು ಅಲ್ಲೇ ಇದ್ದಾನೆ.

ಶಿವೂ... ಕೊನೆಯ ಖೋಲಿಯಿಂದ ಅತ್ತೆ ವೀರಭದ್ರಮ್ಮನ ಧ್ವನಿ, ಲಕ್ವಾ ಹೊಡೆದ ಮೇಲೆ ಮಾತು ಒಂದು ಕಡೆ ಜೋತುಬಿದ್ದಿದೆ, ಆದರೂ ಈ ಒಂದು ಮಾತು ಮಾತ್ರ ಸ್ಪಷ್ಟ, ದೀಪ ಐತೇನಬೇ? ಐತ್ರೀ ಅತ್ತಿ. ದಿನಕ್ಕೆ ಎಷ್ಟು ಸಲ, ಐತ್ರೀ ಅತ್ತಿ, ಐತ್ರೀ. ಸುಳ್ಳಲ್ಲ, ದೀಪ ಇದೆ, ಉರಿಯುತ್ತಿದೆ, ಆದರೆ ಅತ್ತೆ ಕೇಳುವುದು ಯಾವ ದೀಪವನ್ನು — ಅವರ ಅತ್ತೆಯ ಅತ್ತೆ ಗುರುಗುಂಟಾದಲ್ಲಿ ಹಚ್ಚಿದ ನಂದಾದೀಪವನ್ನು, ಆರದೆ, ಒಂದು ಹೊತ್ತೂ ಆರದೆ ಬಂದದ್ದನ್ನು. ಹಳೆಯ ಮನೆ ಬಾಡಿಗೆಗೆ ಕೊಟ್ಟು ಇಲ್ಲಿಗೆ ಬರುವ ದಿನ ಆ ದೀಪದಿಂದ ಕಂದೀಲು ಹಚ್ಚಿ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರು ಅತ್ತೆ, ಆಗ ಇನ್ನೂ ಗಟ್ಟಿ ಇದ್ದರು, ಇಳಕಲ್ ಸೀರೆ, ಕಡುಹಸಿರು, ಕೆಂಪು ಸೆರಗು, ಕಂದೀಲಿಗೆ ಗಾಜಿದ್ದರೂ ನಂಬಿಕೆ ಇಲ್ಲ, ಕಿಟಕಿ ಏರಿಸ್ರಿ, ಏಸಿ ಆರಿಸ್ರಿ, ಲಿಂಗಸುಗೂರು ದಾಟಿತು, ಮಸ್ಕಿ ದಾಟಿತು, ಕಾರಿನೊಳಗೆ ಎಣ್ಣೆ ವಾಸನೆ, ಹೊಗೆ, ಬೆವರು, ಸಿದ್ದಲಿಂಗೇಶ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಗಾಡಿ ಹೊಡೆದ, ಶಿವಕುಮಾರಿ ಮನಸ್ಸಿನಲ್ಲೇ ಬೈದುಕೊಂಡಳು, ಒಂದು ಕಡ್ಡಿ ಗೀರಿದರೆ ಮುಗಿಯುವ ಕೆಲಸಕ್ಕೆ ಎಂಥಾ ಪಾಡು. ಆ ಬೈಗುಳ ದೇವರಿಗೆ ಕೇಳಿಸಿತೇನೋ, ಸರಿಯಾಗಿ ಎಂಟನೆಯ ದಿನ ಅವಳ ಕೈಯಿಂದಲೇ ಕಡ್ಡಿ ಗೀರಿಸಿತು.

ಅದಾದರೂ ಯಾರ ತಪ್ಪು. ದೇವರ ಖೋಲಿಗೆ ಏಸಿ ಬ್ಯಾಡ ಅಂದವರು ಅತ್ತೆ, ಯಾಕ ಬೇಕು ಅಂದವನು ಗಂಡ, ಅಸದ್ ಕೂಡ ಕೇಳಿದ್ದ, ಅಕ್ಕಾರ, ದೀಪ ಇರೋ ಖೋಲಿ, ಇಲ್ಲೆ ಜಾಲರಿ ಬೇಕೇನ್ರಿ, ಬೇಕಪಾ, ದೇವರಿಗೂ ಸೆಕಿ ಆಗತೈತಿ ಅಂದವಳು ಇವಳು, ನಗುತ್ತ ಅಂದಳು, ದೇವರ ನೆಪ ಹೇಳಿ ತನಗೆ ತಂಪು ಬೇಡಿದಳು, ದಿನಾ ಒಂದು ತಾಸು ಪೂಜೆಗೆ ಕೂತು ಬೆನ್ನೆಲ್ಲ ಬೆವತು ರವಿಕೆ ಅಂಟುತ್ತಿತ್ತಲ್ಲ, ಅಷ್ಟೇ ಕಾರಣ. ಎಂಟನೆಯ ದಿನ ಮೊದಲ ಸಲ ಏಸಿ ಹಚ್ಚಿದರು, ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಆಹಾ ಅನ್ನುತ್ತಿದ್ದಾಗ ಇವಳು ದೇವರ ಖೋಲಿಗೆ ಬಂದಳು, ಜಾಲರಿಯಿಂದ ಗಾಳಿ ಧುಮುಕುತ್ತಿತ್ತು, ಬತ್ತಿಯ ತುದಿಯಲ್ಲಿ ಒಂದು ಎಳೆ ಹೊಗೆ, ಅಷ್ಟೇ. ಕಂದೀಲು ಆರಿಸಿ ಮೇಲಿಟ್ಟಾಗಿತ್ತು, ಗುರುಗುಂಟಾದ ಮನೆಯಲ್ಲಿ ಬಾಡಿಗೆಯವರು, ಇನ್ನೆಲ್ಲಿಂದ ತರುವುದು ಆ ಬೆಂಕಿ. ಗ್ಯಾಸಿನ ಒಲೆಯ ಹತ್ತಿರದ ಕಡ್ಡಿಪೆಟ್ಟಿಗೆ, ಮೊದಲ ಕಡ್ಡಿ ಮುರಿಯಿತು, ಎರಡನೆಯದು ಗಾಳಿಗೆ ಆರಿತು, ಮೂರನೆಯದನ್ನು ಸೆರಗಿನ ಮರೆಯಲ್ಲಿ ಗೀರಿ ಹಚ್ಚಿದಳು, ಮತ್ತೆ ಆರಬಾರದಲ್ಲ, ಸ್ಟೂಲು ಹತ್ತಿ ನಾಲ್ಕು ಸ್ಕ್ರೂ ಎಡಕ್ಕೆ ತಿರುಗಿಸಿ ಜಾಲರಿ ತೆಗೆದು, ಕೈಗೆ ಸಿಕ್ಕ ಬಟ್ಟೆಯನ್ನು ಮುದ್ದೆ ಮಾಡಿ ಮೇಲಕ್ಕೆ ತುರುಕಿದಳು, ಮೊಣಕೈವರೆಗೆ ತುರುಕಿದಳು, ಕೆಳಗಿನಿಂದ ಕಾಣಬಾರದು ಎಂದು ಇನ್ನಷ್ಟು. ಒಗೆದು ಮಡಚಿಟ್ಟ ಬಟ್ಟೆಯ ರಾಶಿಯಿಂದ ಕೈಗೆ ಸಿಕ್ಕದ್ದು ಅತ್ತೆಯ ಆ ಇಳಕಲ್ ಸೀರೆ. ಬೇಕೆಂದು ತೆಗೆದದ್ದಲ್ಲ. ಗಾಳಿ ನಿಂತಿತು, ಕುಡಿ ನೆಟ್ಟಗಾಯಿತು, ಅವಳು ಕೈ ಮುಗಿದಳು, ಮುಗಿಯಿತು ಅಂದುಕೊಂಡಳು.

ಅವಳೇನು ಇಂಜಿನಿಯರೇ, ಅದೇ ಡಕ್ಟು ದೇವರ ಖೋಲಿಯ ಮೇಲಿನಿಂದಲೇ ಹಾದು ಅತ್ತೆಯ ಖೋಲಿಗೆ ಹೋಗುತ್ತದೆ ಎಂದು ಹೇಗೆ ಗೊತ್ತಾಗಬೇಕು, ಗೊತ್ತಾಗಬೇಕಿತ್ತು, ಮಾರನೆಯ ದಿನವೇ ಗೊತ್ತಾಯಿತು, ನನ್ನ ಖೋಲ್ಯಾಗ ತಂಪ ಇಲ್ಲಲ್ಲಬೇ ಅಂದರು ಅತ್ತೆ, ಬರತೈತ್ರಿ ಅಂದಳು. ಏಪ್ರಿಲ್‌ನಲ್ಲಿ ಲಕ್ವಾ ಹೊಡೆಯಿತು, ಎಡಗೈ ಎಡಗಾಲು ಬಿದ್ದುಹೋದವು, ಬ್ಯಾರೆ ಖೋಲಿಗೆ ಹೋಗೂಣು ನಡಿಯವ್ವಾ ಅಂತ ಗಂಡ ಗೋಗರೆದರೂ ಒಲ್ಲೆ, ಇಲ್ಲೆ ದೀಪದ ಮಗ್ಗಲಾಗ ಇರ್ತೀನಿ. ಬೆನ್ನಿನ ತುಂಬ ಬೆವರುಸಾಲೆ ಎದ್ದು ಕೆಂಪಾಗಿದೆ, ದಿನಾ ಎರಡು ಸಲ ಮಗ್ಗಲು ಹೊರಳಿಸಿ ಒರೆಸುವವಳು ಇವಳೇ, ಪೌಡರ್ ಹಾಕುವವಳು ಇವಳೇ, ಬೀಸಣಿಗೆ ಬೀಸುವವಳು ಇವಳೇ, ಎಂಥಾ ಸೊಸಿನವ್ವಾ ಎಂದು ಓಣಿಯ ಹೆಂಗಸರು ಬಂದು ಹೊಗಳಿದಾಗ ಬೀಸಣಿಗೆ ಇನ್ನೂ ಜೋರಾಗಿ ಬೀಸಿದಳು. ತೆಗೆದರೆ ಆಯಿತಲ್ಲ, ನಾಲ್ಕೇ ಸ್ಕ್ರೂ, ಎರಡು ಸಲ ಸ್ಟೂಲು ಹತ್ತಿದ್ದಾಳೆ, ಎರಡು ಸಲವೂ ಕೆಳಗೆ ದೀಪ, ತೆಗೆದರೆ ಆರುತ್ತದೆ, ಆರಿದರೆ ಯಾಕ ಆರಿತು, ಮೊದಲೂ ಆರಿತ್ತೇನು, ಅತ್ತೆ ತನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ — ಇಳಿದುಬಿಟ್ಟಳು. ಸಾಯುವವರೆಗೆ ಅವರಿಗೆ ಗೊತ್ತಾಗದಿದ್ದರೆ ಸಾಕು ಎಂದು ಒಂದು ಮಧ್ಯಾಹ್ನ ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ಆ ದಿನ ಊಟ ಸೇರಲಿಲ್ಲ.

ಧಪ್ — ಇಳಿದ ಅಸದ್. ಅಟ್ಟದ ಬಾಯಿಯಿಂದ ನಿಚ್ಚಣಿಕೆಗೆ ಕಾಲಿಡುವಾಗ ಜಾರಿ ಗೋಡೆ ಹಿಡಿದು ಕುಕ್ಕರಿಸಿದ, ಮುಖ ಸುಟ್ಟ ಇಟ್ಟಿಗೆ, ಹುಬ್ಬಿನ ಮೇಲೆ ಬೂದು ಅಂಟು, ಕಣ್ಣು ಎಲ್ಲೋ ನೋಡುತ್ತಿವೆ, ಅವಳು ಓಡಿ ಹೋಗಿ ತಂಬಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಉಪ್ಪು ಸಕ್ಕರೆ ಕಲಸಿ ಕೊಟ್ಟಳು, ಕೊಡುವುದೇನು ಕಡಿಮೆ ಇಲ್ಲ ಇವಳದು. ಸಾಕ್ರಿ ಅಕ್ಕಾರ, ಕಣ್ಣಿಗೆ ಕತ್ತಲಿ ಬಂದಿತ್ತು, ಆತು, ಒಂದೂ ಬಿಟ್ಟಿಲ್ಲ, ಎಲ್ಲಾ ಜೋಡಣಿ ಬಂದೋಬಸ್ತ್. ಹೇಳಬಹುದಿತ್ತು ಆಗ, ಹತ್ತಿರ ಬೇರೆ ಯಾರೂ ಇರಲಿಲ್ಲ, ತಮ್ಮಾ, ಮ್ಯಾಲ ಒಂದು ಸೀರಿ ಐತಿ ಅಂದಿದ್ದರೆ ಆಗುತ್ತಿತ್ತು, ನಾಲಿಗೆಯ ತುದಿಗೆ ಬಂತು, ಅಷ್ಟರಲ್ಲಿ ಅವನು ಎದ್ದು ಅತ್ತೆಯ ಖೋಲಿಯ ಬಾಗಿಲಿಗೆ ಹೋಗಿ ಕೈಜೋಡಿಸಿ ನಿಂತಿದ್ದ, ಅಮ್ಮಾರ, ನನ್ನಿಂದ ನಿಮಗ ಭಾಳ ತ್ರಾಸ ಆತು, ಮಾಫ್ ಮಾಡ್ರಿ. ಅತ್ತೆ ಸರಿಯಿದ್ದ ಕೈಯೆತ್ತಿ, ಇರ್ಲಿ ಬಿಡಪಾ, ಉಂಡಿ ಏನು, ಅಂದರು. ಶಿವಕುಮಾರಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟುಕೊಂಡು ನಿಂತಳು.

ಕಾರಿನ ಸದ್ದು, ಗಂಡ ಬಂದ, ಹಚ್ಚಲೇ ನೋಡೂಣು, ಅಸದ್ ಬಟನ್ ಒತ್ತಿದ, ಮಿಷಿನ್ನು ಗುಂಯ್ ಅಂದಿತು, ಪಡಸಾಲೆಯ ಪರದೆ ಹಾರಿತು, ಅಡುಗೆಮನೆಯ ಕ್ಯಾಲೆಂಡರ್ ಗೋಡೆಗೆ ಪಟಪಟ ಬಡಿಯಿತು, ಎರಡು ತಿಂಗಳಲ್ಲಿ ಇಷ್ಟು ತಂಪು ಬಂದದ್ದೇ ಇಲ್ಲ, ಸಿದ್ದಲಿಂಗೇಶನ ಮುಖ ಅರಳಿತು, ಅವ್ವನ ಖೋಲಿಗೆ ಹೋಗಿ ಜಾಲರಿಗೆ ಅಂಗೈ ಹಿಡಿದ, ಹಿಡಿದೇ ಇದ್ದ, ಇಲ್ಲಿ ಏನೂ ಇಲ್ಲಲ್ಲಲೇ, ಒಂದು ಉಸಿರೂ ಇಲ್ಲ. ಅಸದ್ ತಲೆ ಓರೆ ಮಾಡಿ ಕೇಳುತ್ತಿದ್ದ, ಮೇಲೆ ತಗಡು ಉಬ್ಬಿ ಡುಬ್ ಎಂದಿತು, ಮತ್ತೆ ಡುಬ್, ಈಗ ಸೋರಲು ಎಲ್ಲೂ ದಾರಿಯಿಲ್ಲದ ಗಾಳಿ ಒಂದೇ ಕಡೆ ಬಂದು ಗುದ್ದುತ್ತಿತ್ತು, ಅವನು ಆ ಸದ್ದಿನ ಬೆನ್ನು ಹತ್ತಿ ಹೆಜ್ಜೆ ಹೆಜ್ಜೆಯಾಗಿ ನಡೆದು ಬಂದು ದೇವರ ಖೋಲಿಯ ಹೊಸ್ತಿಲಿಗೆ ನಿಂತ, ಜಾಲರಿ ನೋಡಿದ, ಅದರ ಕೆಳಗಿನ ದೀಪ ನೋಡಿದ, ಬಹಳ ಹೊತ್ತು ನೋಡಿದ, ಊದುಬತ್ತಿ ಬೇಕಾಗಲಿಲ್ಲ ಅವನಿಗೆ. ಆಮೇಲೆ ಹಿಂದೆಯೇ ಬಂದಿದ್ದ ಶಿವಕುಮಾರಿಯ ಮುಖ ನೋಡಿದ. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಏನಲೇ, ಇಲ್ಲಿ ಗಾಳಿ ಬರಾಕತ್ತೈತೇನು ಇಲ್ಲೋ, ಗಂಡ ಹಿಂದಿನಿಂದ ಗದರಿದ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ತೆಗೆದು ನೋಡಿ, ಲಿಂಗಸುಗೂರಿನವರು, ಏನ್ ಹೇಳ್ಲಿ, ಬಾಯಿ ಬಿಡು. ಅಸದ್ ಕಣ್ಣು ಕೆಳಗಿಳಿಸಿದ. ನಾ ಒಳಗ ಹೋಗಿಲ್ರೀ ಸಾವ್ಕಾರ್ರ, ಅಂದ ಮೆಲ್ಲಗೆ, ಅಕ್ಕಾರು ನೋಡ್ಯಾರ, ಅವರನ್ನ ಕೇಳ್ರಿ.

ಗಂಡ ಇವಳ ಕಡೆ ತಿರುಗಿದ, ಫೋನು ಬಡಿದುಕೊಳ್ಳುತ್ತಲೇ ಇದೆ, ಏನಬೇ, ಬರಾಕತ್ತೈತೇನು — ಗೋಡೆಯಾಚೆಯಿಂದ ಅದೇ ಹೊತ್ತಿಗೆ ಆ ಜೋತುಬಿದ್ದ ಧ್ವನಿ, ಶಿವೂ, ದೀಪ ಐತೇನಬೇ — ಇಬ್ಬರು ಕೇಳುವುದೂ ಒಂದೇ ಆಯಿತು, ಒಂದಕ್ಕೆ ನಿಜ ಹೇಳಿದರೆ ಇನ್ನೊಂದಕ್ಕೂ ಹೇಳಬೇಕು, ಕಡ್ಡಿ ಗೀರಿದ್ದು, ಸೀರೆ, ಚಲೋ ಬರಾಕತ್ತೈತಿ ಅಂದದ್ದು, ಎಲ್ಲ, ಅವಳು ಬಾಯಿ ತೆರೆದಳು, ಮೂವರೂ ಕಾಯುತ್ತಿದ್ದಾರೆ, ಮೇಲೆ ಡುಬ್, ಮತ್ತೆ ಡುಬ್, ಪಡಸಾಲೆಯಲ್ಲಿ ಪರದೆ ಹಾರುತ್ತಿದೆ, ಕ್ಯಾಲೆಂಡರ್ ಬಡಿಯುತ್ತಿದೆ, ಮನೆಯೆಲ್ಲ ಗಾಳಿ, ಮನೆಯೆಲ್ಲ ತಂಪು, ಇಲ್ಲಿ ಅವಳ ಕಣ್ಣೆದುರು ದೀಪದ ಕುಡಿ, ನೆಟ್ಟಗೆ, ಎಲ್ಲರಿಗೂ ಕಾಣುವ ಹಾಗೆ, ಒಂದಿಷ್ಟೂ ಅಲುಗದೆ, ದೀಪದ ಕುಡಿ.