ಸಾಧ್ಯತೆ ಮೇಡಂ

ಯಾರು ಏನೇ ಕೇಳಲಿ, ಅವರು ಮೊದಲು ಆಕಾಶವನ್ನು ನೋಡುತ್ತಿದ್ದರು; ಆಮೇಲೆ ಕೇಳಿದವರ ಮುಖವನ್ನು. ‘ಊಟ ಆಯಿತೇ’ ಎಂಬ ಪ್ರಶ್ನೆಗೂ ಕಿಟಕಿಯಾಚೆ ಕಣ್ಣು ಹಾಯಿಸದೆ ಅವರ ಬಾಯಿಂದ ಉತ್ತರ ಹೊರಡುತ್ತಿರಲಿಲ್ಲ. ನಡಿಗೆಯೂ ಹಾಗೆಯೇ, ಕಣ್ಣು ಮೋಡದ ಮೇಲೆ, ಕಾಲು ಅಂದಾಜಿನ ಮೇಲೆ. ಹೀಗಾಗಿ ನಮ್ಮೂರಿನ ಬೀದಿಗಳಲ್ಲಿ ಅವರ ಹೆಬ್ಬೆರಳಿನ ಪರಿಚಯವಿಲ್ಲದ ಕಲ್ಲು ಒಂದೂ ಉಳಿದಿರಲಿಲ್ಲ. ಹವಾಮಾನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಆ ಸಣಕಲು ಹೆಂಗಸು ಗಂಡಸರ ಅಳತೆಯ ಬೂದುಬಣ್ಣದ ಉಣ್ಣೆಯ ಕೋಟೊಂದನ್ನು ತೊಡುತ್ತಿದ್ದರು. ಮರಗಳು ಚಿಗುರಿ, ಊರಿಗೆ ಊರೇ ಸ್ವೆಟರುಗಳನ್ನು ಒಗೆದು ಪೆಟ್ಟಿಗೆಗೆ ಸೇರಿಸಿದ ಮೇಲೂ ಒಂದು ತಿಂಗಳು ಅದು ಅವರ ಮೈಬಿಡುತ್ತಿರಲಿಲ್ಲ. ವಸಂತದ ಮೊದಲ ದಿನಗಳಷ್ಟು ಮಾತಿಗೆ ತಪ್ಪುವ ದಿನಗಳು ವರ್ಷದಲ್ಲಿ ಬೇರೆ ಇಲ್ಲವೆಂಬುದು ಅವರ ಅನುಭವ.

‘ಬರುತ್ತದೆ’, ‘ಬರುವುದಿಲ್ಲ’ ಎಂಬೆರಡು ಮಾತು ಅವರ ನಿಘಂಟಿನಲ್ಲಿರಲಿಲ್ಲ. ‘ಸಾಧ್ಯತೆ ಇದೆ’ ಎಂಬಲ್ಲಿಗೆ ಅವರ ವಾಕ್ಯಗಳೆಲ್ಲ ಮುಗಿಯುತ್ತಿದ್ದವು. ಊರು ಅದನ್ನೇ ಹೆಸರಾಗಿ ಇಟ್ಟಿತ್ತು. ಗಣಿತದ ಮೇಷ್ಟ್ರಾಗಿದ್ದ ಅವರ ಯಜಮಾನರು ನಮ್ಮೆದುರೇ ಗೋಳಾಡುತ್ತಿದ್ದರು: “ಅನ್ನ ಬೆಂದಿದೆಯೇನೇ ಅಂದ್ರೆ, ಬೆಂದಿರೋ ಸಾಧ್ಯತೆ ಇದೆ ಅಂತಾಳೆ. ತಟ್ಟೆ ಮುಂದೆ ಕೂತವನ ಗತಿ ಏನು?”

ನಾನಾಗ ಊರಿನ ದಿನಪತ್ರಿಕೆಯಲ್ಲಿ ಕಿರಿಯ ಉಪಸಂಪಾದಕ. ದಿನವೂ ಸಂಜೆ ಐದಕ್ಕೆ ಅವರು ಫೋನಿನಲ್ಲಿ ಮುಂದಿನ ದಿನಗಳ ಮುನ್ಸೂಚನೆ ಹೇಳುವರು, ನಾನು ಬರೆದುಕೊಳ್ಳುವೆ. ಬರೆದದ್ದನ್ನು ಮತ್ತೆ ಓದಿಸಿ, ಅಲ್ಪವಿರಾಮವನ್ನೂ ಬಿಡದೆ ಕೇಳಿಸಿಕೊಂಡು, ನಿಟ್ಟುಸಿರೊಂದನ್ನು ಬಿಟ್ಟು ಫೋನಿಡುವರು. ಚಳಿ ಹಿಂದೆಗೆಯುತ್ತಿದ್ದ ಒಂದು ಸಂಜೆ ಅವರು ಹೇಳಿದ್ದು ಎರಡು ವಾಕ್ಯ: ಮುಂದಿನ ಮೂರು ದಿನ ಬಹುತೇಕ ಒಣ ಹವೆ, ಮೂರನೆಯ ದಿನ ಮಧ್ಯಾಹ್ನದ ಮೇಲೆ ಬಿರುಸಿನ ಮಳೆಯ ಸಾಧ್ಯತೆ. ಕೊನೆಯ ಗಳಿಗೆಯಲ್ಲಿ ಬಟ್ಟೆ ಅಂಗಡಿಯ ಜಾಹೀರಾತೊಂದು ಬಂದು ಪುಟದಲ್ಲಿ ಜಾಗ ಸಾಲದಾಯಿತು. ನಾನು ಎರಡನೆಯ ವಾಕ್ಯವನ್ನು ತೆಗೆದೆ. ‘ಬಹುತೇಕ’ ಎಂಬುದನ್ನೂ ಹೊಡೆದುಹಾಕಿದೆ. ಕೈ ಒಂದಿಷ್ಟೂ ಅಳುಕಲಿಲ್ಲ.

ಮರುದಿನ ಬೆಳಿಗ್ಗೆ ಅವರು ಕಚೇರಿಗೇ ಬಂದರು. ಬೈಯಲಿಲ್ಲ. ಮಡಿಸಿದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು. ನಾಳೆ ತಿದ್ದುಪಡಿ ಹಾಕೋಣವೆಂದೆ.

“ನಾಳೆ ಹಾಕೋದು ನಾಳೆ ಓದೋರಿಗೆ. ಇವತ್ತು ನಂಬಿ ಕೆಲಸಕ್ಕೆ ಕೈಹಾಕಿದವರಿಗೆ ಯಾರು ಹೇಳ್ತಾರೆ?”

ಯಾರು ನಂಬಿರಬಹುದೆಂದು ದಾರಿಯುದ್ದಕ್ಕೂ ಬೆರಳು ಮಡಿಸುತ್ತ, ಎಡವುತ್ತ, ಅವರು ನನ್ನನ್ನು ಕರೆದೊಯ್ದದ್ದು ಆಸ್ಪತ್ರೆಗೆ. ಬಾಣಂತಿಯರ ವಾರ್ಡಿನ ಹಳೆಯ ಹೆಂಚು ಬದಲಿಸುವ ಕೆಲಸ ಅಂದೇ ಶುರುವಾಗಬೇಕಿತ್ತು. ಒಮ್ಮೆಗೆ ಅರ್ಧ ಭಾಗವನ್ನಷ್ಟೇ ಬಿಚ್ಚುವುದೆಂದು ಮೊದಲು ಮಾತಾಗಿತ್ತಂತೆ. ಪತ್ರಿಕೆ ಓದಿದ ಮೇಸ್ತ್ರಿ ಹುರುಪಿನಿಂದ ಬೆಳಗ್ಗೆಯೇ ಇಡೀ ಮಾಡಿನ ಹೆಂಚನ್ನು ಬಿಚ್ಚಿಸಿಬಿಟ್ಟಿದ್ದ. ಬೇರೆ ಕೋಣೆ ಖಾಲಿಯಿರಲಿಲ್ಲ. ಹನ್ನೊಂದು ಬಾಣಂತಿಯರು, ಹನ್ನೊಂದು ಕೂಸುಗಳು ಹೊರಜಗುಲಿಯಲ್ಲಿ, ಬಿಸಿಲಿಗೆಂದು ಕಟ್ಟಿದ ಬಟ್ಟೆಯ ಚಪ್ಪರದಡಿ ಮಲಗಿದ್ದರು.

ಮೇಸ್ತ್ರಿ ಏಣಿಯಿಂದಿಳಿಯದೆಯೇ ಹೇಳಿದ: “ಒಣ ಹವೆ ಅಂತ ನೀವೇ ಬರೆದಿದ್ದೀರಲ್ಲಮ್ಮ.”

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನತ್ತ ಒಂದು ನೋಟ ಸಾಕಿತ್ತು. ಅವರು ನೋಡಲಿಲ್ಲ. ಬರೆದದ್ದು ತಪ್ಪಾಗಿದೆ, ನಾಡಿದ್ದು ಮಧ್ಯಾಹ್ನ ಮಳೆಯ ಸಾಧ್ಯತೆ ಇದೆ ಎಂದರು. ಎಷ್ಟು ಸಾಧ್ಯತೆಯೆಂದು ಅವನು ಕೇಳಿದ. ಅವರು ಆಕಾಶ ನೋಡಿ, ಹತ್ತರಲ್ಲಿ ನಾಲ್ಕು ಪಾಲು ಎಂದರು.

“ಅಂದ್ರೆ ಆರು ಪಾಲು ಬರಲ್ಲ ಅಂತಾಯ್ತು.”

“ಅಲ್ಲಿ ಮಲಗಿರೋದು ನಿನ್ನ ಮಗಳಾಗಿದ್ರೆ, ನಾಲ್ಕು ಪಾಲು ನಿನಗೆ ಕಡಿಮೆ ಅನ್ನಿಸ್ತಿತ್ತೇನಪ್ಪ?”

ಅವನು ಜಗುಲಿಯತ್ತ ನೋಡಿದ. ಗೊಣಗುತ್ತ ಇಳಿದು ಬಂದು ಇನ್ನಿಬ್ಬರು ಆಳುಗಳಿಗೆ ಹೇಳಿಕಳಿಸಿದ. ಅರ್ಧ ಮಾಡನ್ನಾದರೂ ಮೂರನೆಯ ದಿನ ಮಧ್ಯಾಹ್ನದೊಳಗೆ ಮುಚ್ಚುವುದೆಂದು ತೀರ್ಮಾನವಾಯಿತು.

ಆ ಎರಡು ದಿನ ಮೇಡಂ ಉಣ್ಣಲಿಲ್ಲವೆಂದು ಮೇಷ್ಟ್ರು ಹೇಳಿದರು. ಮೂರನೆಯ ದಿನ ರಜೆ ಹಾಕಿ ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದರು. ಎರಡು ಗಂಟೆಯಾದರೂ ಆಕಾಶ ತೊಳೆದಿಟ್ಟ ಬಟ್ಟಲಿನಂತಿತ್ತು. ನಿಮ್ಮ ಮಳೆ ದಾರಿ ತಪ್ಪಿತೇನಮ್ಮ ಎಂದು ಮೇಸ್ತ್ರಿ ಮೇಲಿನಿಂದ ಕೆಣಕಿದ. ಬರದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನಾನು ಸಮಾಧಾನ ಹೇಳಹೋದೆ.

“ಒಳ್ಳೇದೇ. ಆದ್ರೆ ಮುಂದಿನ ಸಲ ನಾನು ಹೇಳಿದ್ರೆ ಇವನು ಕೇಳಲ್ಲ,” ಎಂದರು ಮೆಲ್ಲಗೆ. ಮಳೆ ಬರಲಿ ಎನ್ನಲಾರರು, ಬಾರದಿರಲಿ ಎನ್ನಲೂ ಆರರು; ಅಂಥ ಸಂಕಟವನ್ನು ನಾನು ಮತ್ತೊಬ್ಬರ ಮುಖದಲ್ಲಿ ಕಂಡಿಲ್ಲ.

ಮೂರರ ಹೊತ್ತಿಗೆ ಗಾಳಿ ನಿಂತಿತು. ಪಡುವಣದಲ್ಲಿ ಅಂಗೈಯಗಲದ ಕಪ್ಪು ಕಾಣಿಸಿತು. ಕೊನೆಯ ಸಾಲಿನ ಹೆಂಚು ಕೂರುತ್ತಿದ್ದಂತೆ ದಾದಿಯರು ಮಂಚಗಳನ್ನು ಒಳಗೆಳೆಯತೊಡಗಿದರು. ಒಂಬತ್ತು ಮಂಚ ಒಳಸೇರುವಷ್ಟರಲ್ಲಿ ಮಳೆ ಕಲ್ಲು ಸುರಿದಂತೆ ಸುರಿಯಿತು. ಬಟ್ಟೆಯ ಚಪ್ಪರ ಹರಿದು ಜೋತುಬಿತ್ತು. ಹತ್ತನೆಯದನ್ನು ದಾದಿಯರು ತಳ್ಳಿದರು. ಹನ್ನೊಂದನೆಯ ಮಂಚದ ಒಂದು ತುದಿಯನ್ನು ಮೇಸ್ತ್ರಿ ಹಿಡಿದ, ಇನ್ನೊಂದನ್ನು ಮೇಡಂ. ಬಾಣಂತಿಯ ಕಾಲಬಳಿಯ ಹೊದಿಕೆ ತೊಯ್ದಿತು, ಕೂಸು ಎಚ್ಚರಾಗಲಿಲ್ಲ.

ಊರಿಗೆ ಇದೊಂದೂ ತಿಳಿಯಲಿಲ್ಲ. ಊರು ಕಂಡದ್ದು ಒಣ ಹವೆಯೆಂದು ಅಚ್ಚಾದ ಪತ್ರಿಕೆಯನ್ನು, ಆಮೇಲೆ ಬೀದಿಯಲ್ಲಿ ಹರಿದ ನೀರನ್ನು. ಆ ಪತ್ರಿಕೆ ಬಂದ ಮರುದಿನವೇ ನಾನು ಹಾಕಿದ್ದ, ಕೈತಪ್ಪು ನಮ್ಮದೆಂಬ ತಿದ್ದುಪಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಿಂಗಳುಗಟ್ಟಲೆ ಜನ ಅವರನ್ನು ನೋಡಿ ಮುಸಿಮುಸಿ ನಕ್ಕರು. ನಾನು ಕ್ಷಮೆ ಕೇಳಲು ಹೋದಾಗ ಅವರು ಹೇಳಿದ್ದಿಷ್ಟೆ: “ನಗಲಿ ಬಿಡಪ್ಪ. ನಗೋರು ಯಾರೂ ಮಳೇಲಿ ನೆನೆದಿಲ್ಲವಲ್ಲ.”

ಇಂಥವರು ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಆತಂಕವನ್ನು ನಾವು ಪುಕ್ಕಲುತನವೆಂದು ತಿಳಿಯುತ್ತೇವೆ. ತನ್ನ ಪಾಲಿನ ಅಪಾಯವನ್ನು ಹಗುರವಾಗಿ ಎಣಿಸುವವನಿಗೆ ಧೀರನೆಂಬ ಹೆಸರುಂಟು. ಪರರ ಪಾಲಿನದನ್ನು ಹಗುರವಾಗಿ ಎಣಿಸಲಾರದವರಿಗೆ ಯಾವ ಹೆಸರೂ ಇಲ್ಲ. ಆದ ಅನಾಹುತವನ್ನು ಊರು ತಲೆಮಾರುಗಳ ಕಾಲ ನೆನೆಯುತ್ತದೆ, ತಪ್ಪಿಹೋದದ್ದು ಒಬ್ಬರ ಎದೆಯಲ್ಲಿ ಮಾತ್ರ ಉಳಿಯುತ್ತದೆ. ಉಳಿದವರೆಲ್ಲ ನಿಶ್ಚಿಂತೆಯಿಂದ ಬಾಳಬೇಕಾದರೆ, ಎಲ್ಲೋ ಒಬ್ಬರು ಅವರ ಪಾಲಿನ ಚಿಂತೆಯನ್ನೂ ಸೇರಿಸಿ ಹೊರುತ್ತಿರಬೇಕು.