ನಾಲ್ಕನೆಯ ಕಾಲಿನ ನಡುಕ

ನಾನು ಒಂದು ಕಾಲು. ನಡೆಯುವ ಕಾಲಲ್ಲ, ಅರಬ್ಬಿ ಸಮುದ್ರದೊಳಗೆ ನಿಂತೇ ಇರುವ ಉಕ್ಕಿನ ಕಾಲು. ಕಡಲ ದಂಡೆಯ ಕಾರ್ಖಾನೆಯೊಂದರಲ್ಲಿ ದಪ್ಪ ತಗಡುಗಳನ್ನು ಬಗ್ಗಿಸಿ, ವೆಲ್ಡಿಂಗ್ ಮಾಡಿ ನನ್ನನ್ನು ಹುಟ್ಟಿಸಿದರು. ನಾಲ್ಕನೆಯವನಾದ ನನ್ನನ್ನೂ ಸೇರಿಸಿ ನಾಲ್ವರ ತಲೆಯ ಮೇಲೆ ತೈಲ ತೆಗೆಯುವ ಪ್ಲಾಟ್‌ಫಾರಂ ಕೂರಿಸಿದರು. ಅದರಲ್ಲಿ ಯಂತ್ರಗಳು, ಅಡುಗೆಮನೆ, ಅರವತ್ತು ಜನ. ಇಷ್ಟೆಲ್ಲ ಹೊತ್ತವರಿಗೆ ಸ್ವಲ್ಪ ಜಂಬ ಇರಬಾರದೇ? ನನಗಂತೂ ಇತ್ತು.

ಮೊದಲ ಮಳೆಗಾಲದಲ್ಲೇ ಭಾರೀ ಅಲೆಗಳು ಬಂದು ಹೊಡೆದವು. ನಾನು ಕ್ಯಾರೇ ಅನ್ನಲಿಲ್ಲ. ಮಳೆ ಕಳೆದು ಸಮುದ್ರ ತಣ್ಣಗಾದ ಮೇಲೆಯೇ ನನ್ನ ಮಾನ ಹೋದದ್ದು. ಕೆಳಗೆ ಪ್ರವಾಹ ಒಂದೇ ಸಮನೆ ಹರಿಯುತ್ತಿತ್ತು. ಅದಕ್ಕೆ ಮೊದಲು ಎದೆಯೊಡ್ಡಿದ ನನ್ನ ಬೆನ್ನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಏಳುತ್ತಿತ್ತು. ಪ್ರತಿ ಸುಳಿಯೂ ನನ್ನನ್ನು ತನ್ನ ಕಡೆಗೆ ಚೂರು ಎಳೆಯುತ್ತಿತ್ತು. ಆ ಎಳೆತದ ಲಯ ನನ್ನ ಮೈಯ ಲಯಕ್ಕೆ ಕೂಡಿಬಂದಾಗ, ತೊಟ್ಟಿಲನ್ನು ಹದವಾಗಿ ತಳ್ಳಿದಂತೆ ನಡುಕ ಏರುತ್ತಲೇ ಹೋಯಿತು. ಮಂಡಿಯ ಹತ್ತಿರ ವೆಲ್ಡಿಂಗ್ ಬಿರಿಯಿತು.

ಸರಿಮಾಡಲು ಇಳಿದವರು ಗಂಗೊಳ್ಳಿಯ ಡೈವರ್ ಪುಂಡಲೀಕ ಖಾರ್ವಿ. ಎರಡು ವರ್ಷದಲ್ಲಿ ಮೂರು ಸಲ ವೆಲ್ಡಿಂಗ್ ಹಾಕಿದರು. ಮೂರು ಸಲವೂ ಬಿರಿಯಿತು. ಪ್ಲಾಟ್‌ಫಾರಮ್ಮಿನ ಮುಖ್ಯಸ್ಥರಾದ ಬಾಗಲಕೋಟೆಯ ಮೇಟಿ ಸಾಹೇಬರು ನನ್ನ ನಡುಕವನ್ನು ಅಳೆಸಿದರು, ಅದೂ ಬಿರುಗಾಳಿಯ ದಿನ ಮಾತ್ರ. ಅಲೆಯಿಲ್ಲದೆ ನಡುಕವೆಲ್ಲಿಂದ ಬರಬೇಕೆಂಬುದು ಅವರ ನಂಬಿಕೆ. ಆ ದಿನಗಳಲ್ಲಿ ನಾನು ಗಟ್ಟಿಯಾಗಿಯೇ ಇದ್ದೆ. ಕೊನೆಗೆ, ಉಕ್ಕೇ ಕಳಪೆ, ಈ ಕಾಲನ್ನು ಕತ್ತರಿಸಿ ಬೇರೆಯದನ್ನು ನಿಲ್ಲಿಸೋಣ ಎಂದು ತೀರ್ಮಾನಿಸಿದರು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ನನ್ನ ಪರವಾಗಿ ಬಾಯಿ ತೆರೆದವರು ಪುಂಡಲೀಕರು.

"ಸಾರ್, ಸಮುದ್ರ ಸುಮ್ನೆ ಇಪ್ಪತಿಗೇ ಇದ್ ನಡ್ಗುದ್. ನಾನ್ ಕೈಯಿಟ್ಟ್ ಕಂಡೆ. ನಮ್ಮಜ್ಜ ಅಳಿವೆಯಲ್ಲಿ ಬಲೆ ಗೂಟಕ್ಕೆ ಹಳೇ ಹಗ್ಗ ಸುತ್ತಿಡ್ತಿದ್ರ್. ಇಲ್ದಿದ್ರೆ ಇಳಿತದ ನೀರಿಗೆ ಗೂಟ ನಡ್ಗಿ ನಡ್ಗಿ ಕಿತ್ಕಂಡ್ ಹೋತಿತ್."

"ಏನ್ರೀ ಖಾರ್ವಿಯವರ, ಇಷ್ಟ ದೊಡ್ಡ ಕಾಲಿಗೆ ಹಗ್ಗ ಸುತ್ತೂಣೇನು?" ಎಂದು ಮೇಟಿಯವರು ನಕ್ಕರು.

"ತಗಡಿನ ಪಟ್ಟಿ ಸುತ್ತುವ. ಮೊದ್ಲ್ ಗಾಳಿ ಇಲ್ದ ದಿನ ಒಂದ್ಸಲ ಅಳ್ದ್ ಕಾಣಿ."

ಅಳೆದರು. ಮಾಪಕದ ಮುಳ್ಳು ಕುಣಿಯಿತು. ಮೇಟಿಯವರ ನಗು ನಿಂತಿತು. "ತಪ್ಪು ನಂದ ಐತ್ರಿ" ಎಂದು ಎಲ್ಲರೆದುರೇ ಹೇಳಿದರು. ಅಂದಿನಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ.

ತಿರುಪುಮೊಳೆಯ ಸುತ್ತಿನಂತೆ ನನ್ನ ಮೈಗೆ ಉಕ್ಕಿನ ಪಟ್ಟಿ ಸುತ್ತಿದರು. ಸುಳಿಗಳು ಒಂದೊಂದು ಎತ್ತರದಲ್ಲಿ ಒಂದೊಂದು ಹೊತ್ತಿಗೆ ಒಡೆದು ಹೋಗತೊಡಗಿದವು. ಒಂದರ ಎಳೆತ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಪುಂಡಲೀಕರು ನಾಲ್ಕನೆಯ ಸಲ ವೆಲ್ಡಿಂಗ್ ಹಾಕಿದರು. ಪ್ರವಾಹ ಜೋರಾಗಿದ್ದ ದಿನ ಇಳಿದು, ಅದರ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕಾದರು. ನಾನು ನಡುಗಲಿಲ್ಲ. ಆ ವೆಲ್ಡಿಂಗ್ ಇಪ್ಪತ್ತಾರು ವರ್ಷ ತಾಳಿತು.

ಈಗ ತೈಲ ಮುಗಿದಿದೆ. ದಡದ ಗುಜರಿ ಅಂಗಳದಲ್ಲಿ ಅಡ್ಡ ಮಲಗಿದ್ದೇನೆ. ನಾಳೆ ಕತ್ತರಿಸುತ್ತಾರೆ. ಕತ್ತರಿಸಲಿ, ನನ್ನ ಕೆಲಸ ನಾನು ಮುಗಿಸಿದ್ದೇನೆ. ಅಲೆಗಳನ್ನು ಒಬ್ಬನೇ ಎದುರಿಸಿದೆ ಎಂದು ಇವತ್ತಿಗೂ ಜಂಬ ಕೊಚ್ಚುತ್ತೇನೆ. ತಣ್ಣಗೆ ಹರಿಯುವ ನೀರಿನ ಮುಂದೆ ಮಾತ್ರ ನನಗೆ ಇನ್ನೊಬ್ಬರ ಆಸರೆ ಬೇಕಾಯಿತು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇವತ್ತು ಬೆಳಿಗ್ಗೆ ಪುಂಡಲೀಕರು ಕೋಲೂರಿಕೊಂಡು ಬಂದರು. ಹುಡುಕಿ ಹುಡುಕಿ ಆ ವೆಲ್ಡಿಂಗಿನ ಮೇಲೆ ಕೈಯಿಟ್ಟರು. ಇಷ್ಟು ವರ್ಷ ಕೈಗವಸು ಹಾಕಿ ಮುಟ್ಟಿದವರು, ಮೊದಲ ಸಲ ಬರಿಗೈಯಲ್ಲಿ. ವಯಸ್ಸಾಗಿ ಆ ಕೈ ನಡುಗುತ್ತಿತ್ತು. ನಾನು ಅಲುಗಾಡದೆ ಅದಕ್ಕೆ ಆಸರೆ ಕೊಟ್ಟೆ.